ತಳ ಕಾಣಿಸದ ಬಾಟಲಿ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದಿದ್ದರೂ ಅವರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ, ನಕ್ಕು ಸುಮ್ಮನಾಗುತ್ತಿದ್ದರು. ಅವರ ಲ್ಯಾಬಿನಲ್ಲಿ ಯಾವ ರೋಗಿಯ ಹೆಸರನ್ನೂ ಕ್ರಿಮಿ ಬೆಳೆಸಿ ನೋಡುವ ಗಾಜಿನ ಪ್ಲೇಟಿನ ಮೇಲೆ ಬರೆಯುವ ಪದ್ಧತಿ ಇರಲಿಲ್ಲ, ನಂಬರು ಮಾತ್ರ. ಯಾಕೆಂದು ಒಮ್ಮೆ ಕೇಳಿದ್ದಕ್ಕೆ, "ಹೆಸರು ಬರೆದ್ರೆ ಕಣ್ಣು ನಮಗೆ ಬೇಕಾದ್ದನ್ನ ನೋಡುತ್ತೆ. ನಂಬರ್ ಬರೆದ್ರೆ ಇರೋದನ್ನ ನೋಡುತ್ತೆ" ಎಂದಿದ್ದರು. ನಾವೆಲ್ಲ ಅವರನ್ನು ಲ್ಯಾಬ್ ಸಾರ್ ಎನ್ನುತ್ತಿದ್ದೆವು. ಇಲ್ಲಿಯೂ ಹಾಗೆಯೇ ಇರಲಿ.

ನಾನು ಗದಗದ ಕಡೆಯವಳು. ತೊಂಬತ್ತರ ದಶಕದ ನಡುವೆ ನರ್ಸಿಂಗ್ ಮುಗಿಸಿ ಬೆಂಗಳೂರಿಗೆ ಬಂದೆ. ಬಿಟಿಎಂ ಲೇಔಟಿನಲ್ಲಿ ಇನ್ನಿಬ್ಬರು ನರ್ಸುಗಳ ಜೊತೆ ಒಂದು ಕೋಣೆ ಹಿಡಿದು, ಜಯನಗರ ಒಂಬತ್ತನೇ ಬ್ಲಾಕಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿದೆ. ಅಪ್ಪ ನನ್ನನ್ನು ಕಳಿಸಿದ್ದೇ ಒಂದು ಷರತ್ತಿನ ಮೇಲೆ. ಒಂದು ವರ್ಷ ಕೆಲಸ ನಿಂತರೆ ಸರಿ, ನಿಲ್ಲದಿದ್ದರೆ ಊರಿಗೆ ಬಂದು ಸೋದರಮಾವನಿಗೆ ಕೊರಳು ಕೊಡಬೇಕು. ಮಾವ ಕೆಟ್ಟವನಲ್ಲ. ಆದರೆ ನನಗಿಂತ ಹದಿನಾಲ್ಕು ವರ್ಷ ದೊಡ್ಡವನು, ಬಾಯಲ್ಲಿ ಯಾವಾಗಲೂ ತಂಬಾಕು. ಆ ವರ್ಷವಿಡೀ ನಾನು ಕ್ಯಾಲೆಂಡರಿನ ಕಡೆ ನೋಡಿದಷ್ಟು ಯಾವ ದೇವರ ಕಡೆಯೂ ನೋಡಲಿಲ್ಲ.

ನನ್ನ ಪಾಲಿಗೆ ಬಂದದ್ದು ಡ್ರೆಸ್ಸಿಂಗ್ ರೂಮು. ಗಾಯ ತೊಳೆಯುವುದು, ಬ್ಯಾಂಡೇಜು ಬದಲಾಯಿಸುವುದು, ಹೊಲಿಗೆ ಬಿಚ್ಚುವುದು. ಗಾಯದಲ್ಲಿ ಕೀವು ಕಂಡರೆ ಹತ್ತಿ ಸುತ್ತಿದ ಕಡ್ಡಿಯಲ್ಲಿ ಅದನ್ನು ತೆಗೆದು ಮೇಲೆ ಲ್ಯಾಬಿಗೆ ಕೊಟ್ಟು ಬರಬೇಕು. ಲ್ಯಾಬು ತಾರಸಿಯ ಮೇಲೆ, ಶೀಟಿನ ಸೂರಿನ ಕೆಳಗೆ. ಮೊದಲ ದಿನ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ, "ಸರ, ಇದನ್ನ ಎಲ್ಲಿ ಇಡ್ಲಿರೀ?" ಎಂದೆ. ಅವರು ಸೂಕ್ಷ್ಮದರ್ಶಕದಿಂದ ಕಣ್ಣೆತ್ತದೆ, "ಆ 'ರೀ'ನ ಕೆಳಗೇ ಬಿಟ್ಟು ಬಾಮ್ಮ. ಸ್ವ್ಯಾಬ್‌ನ ಈ ಟ್ರೇಲಿಡು" ಎಂದರು. ನನಗೆ ಉರಿಯಿತು. ಮರುದಿನ ಬೇಕೆಂದೇ ಒಂದೊಂದು ಮಾತಿಗೆ ಎರಡೆರಡು 'ರೀ' ಹಾಕಿದೆ. ಅವತ್ತಿನಿಂದ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು.

ನೋಡಲು ಅವರು ಲ್ಯಾಬಿನ ಮನುಷ್ಯರಂತೆ ಇರಲಿಲ್ಲ. ಅಗಲ ಅಂಗೈ, ಒಡೆದ ಹಿಮ್ಮಡಿ, ರಬ್ಬರ್ ಚಪ್ಪಲಿ. ಜರಗನಹಳ್ಳಿಯ ಹಳೆಯ ಒಕ್ಕಲು ಮನೆತನ. ಹೊಲವೆಲ್ಲ ಸೈಟುಗಳಾಗಿ ಅಣ್ಣಂದಿರು ಒಂದರ ಮೇಲೊಂದು ಮಹಡಿ ಕಟ್ಟಿಸಿ ಬಾಡಿಗೆಗೆ ಬಿಟ್ಟು ಆರಾಮಾಗಿದ್ದರು. ಇವರೊಬ್ಬರು ಮಾತ್ರ ಎಮ್ಮೆಸ್ಸಿ ಓದಿ, ಬೆಳಿಗ್ಗೆ ಕನಕಪುರ ರಸ್ತೆಯ ಬಸ್ಸಿಗೆ ಜೋತುಬಿದ್ದು ಬಂದು ಇಲ್ಲಿ ಕೀವು ಹಚ್ಚಿದ ಪ್ಲೇಟುಗಳ ಮುಂದೆ ಕೂರುತ್ತಿದ್ದರು. ಒಮ್ಮೆ ಅವರ ದೊಡ್ಡಣ್ಣ ರಕ್ತ ಪರೀಕ್ಷೆಗೆ ಬಂದಾಗ ನನ್ನ ಎದುರಿಗೇ ಹೇಳಿದರು: "ನಾವು ಹಸ ಸಾಕ್ತಿದ್ವಿ ಕಣಮ್ಮ. ಇವ್ನು ಹುಳ ಸಾಕ್ತವ್ನೆ." ಸಾರ್ ಅದಕ್ಕೆ, "ನನ್ನ ಹುಳಕ್ಕೆ ಹುಲ್ಲು ಹಾಕಂಗಿಲ್ಲ, ಸಗಣಿ ಬಾಚಂಗಿಲ್ಲ, ಬಿಡಣ್ಣ" ಎಂದರು.

ಸಾಕುವುದು ಎಂದರೆ ನಿಜವಾಗಿಯೂ ಸಾಕುವುದೇ. ಆಗ ಕರೆಂಟು ಹೋದರೆ ಎರಡು ಮೂರು ಗಂಟೆ ಬರುತ್ತಿರಲಿಲ್ಲ. ಪ್ಲೇಟುಗಳನ್ನು ಬೆಚ್ಚಗಿಡುವ ಪೆಟ್ಟಿಗೆ ತಣ್ಣಗಾದರೆ ಒಳಗಿನವು ಬೆಳೆಯುವುದಿಲ್ಲ. ಡಿಸೆಂಬರಿನ ಒಂದು ಮಧ್ಯಾಹ್ನ ನಾನು ಮೇಲೆ ಹೋದಾಗ ಅವರು ಸ್ವೆಟರಿನೊಳಗೆ ಎರಡೂ ಕೈ ಅವುಚಿಕೊಂಡು ಕುಳಿತಿದ್ದರು. ಚಳಿಯೇನೋ ಎಂದುಕೊಂಡೆ. ನೋಡಿದರೆ ಬಿರಡೆ ಹಾಕಿದ ನಾಲ್ಕು ಗಾಜಿನ ನಳಿಗೆಗಳನ್ನು ಎದೆಗೆ ಒತ್ತಿಕೊಂಡಿದ್ದರು. "ಇದೇನ್ರೀ ಸರ" ಎಂದದ್ದಕ್ಕೆ, "ಜ್ವರದ ಮಗು ರಕ್ತಮ್ಮ. ನಾಳೆ ಬೆಳಿಗ್ಗೆಗೆ ಉತ್ತರ ಬೇಕು. ಕರೆಂಟಿಗೆ ಕಾಯಕ್ಕಾಗುತ್ತಾ?" ಎಂದರು. ಮನುಷ್ಯನ ಮೈ ಬಿಸಿಯೂ ಆ ಪೆಟ್ಟಿಗೆಯ ಬಿಸಿಯೂ ಒಂದೇ ಎಂದು ನಾನು ಕಲಿತದ್ದು ಹಾಗೆ.

ಅವರಿಗೆ ಒಂದು ಹಟವಿತ್ತು. ಪ್ಲೇಟಿನ ಮೇಲೆ ಏನೂ ಬೆಳೆಯದಿದ್ದರೆ 'ಬೆಳೆಯಲಿಲ್ಲ' ಎಂದು ಬರೆಯಬೇಕು. 'ಏನೂ ಇಲ್ಲ' ಎಂದು ಬರೆಯಕೂಡದು. ಎರಡೂ ಒಂದೇ ಅಲ್ಲವೇ ಎಂದು ಡಾಕ್ಟರುಗಳೇ ನಗುತ್ತಿದ್ದರು. ಸಾರ್ ನಗುತ್ತಿರಲಿಲ್ಲ. ಬೆಳೆಯಲಿಲ್ಲ ಎನ್ನುವುದು ನಾನು ಕಂಡದ್ದು, ಇಲ್ಲ ಎನ್ನುವುದು ನಾನು ಕಾಣದ್ದು, ಕಾಣದ್ದಕ್ಕೆ ಹೇಗೆ ಸಹಿ ಹಾಕಲಿ ಎನ್ನುತ್ತಿದ್ದರು. ಇಂಥ ಮನುಷ್ಯರ ಜೊತೆ ಸಂಸಾರ ಮಾಡುವುದು ಕಷ್ಟವಿರಬೇಕೆಂದು ನನಗೆ ಅನ್ನಿಸುತ್ತಿತ್ತು. ಅವರ ಹೆಂಡತಿಯನ್ನು ಕಂಡಾಗ ಕೇಳಿಯೂ ಬಿಟ್ಟೆ. ಅಡುಗೆಗೆ ಉಪ್ಪಿಲ್ಲ ಎಂದು ಈವರೆಗೆ ಒಂದು ದಿನವೂ ಹೇಳಿದವರಲ್ಲ, "ಉಪ್ಪು ನನ್ ನಾಲಿಗೆಗೆ ಸಿಗ್ಲಿಲ್ಲ" ಎನ್ನುತ್ತಾರೆ ಎಂದು ಆಕೆ ನಕ್ಕರು.

ಶ್ರೀನಗರದಿಂದ ಒಬ್ಬ ನಿವೃತ್ತ ಮೇಷ್ಟರು ಬರುತ್ತಿದ್ದರು. ಮೂತ್ರದ ಸೋಂಕು. ಏಳು ದಿನದ ಮಾತ್ರೆ ಕೊಟ್ಟರೆ ಮೂರನೇ ದಿನ ಉರಿ ನಿಂತಿತೆಂದು ಬಿಡುತ್ತಿದ್ದರು. ತಿಂಗಳೊಳಗೆ ಮತ್ತೆ ಅದೇ ಉರಿ, ಮತ್ತೆ ಅದೇ ಮೆಟ್ಟಿಲು. ನಾಲ್ಕನೇ ಸಲ ಬಂದಾಗ ಸಾರ್ ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಕೇಳಿದರು: "ನೀವು ಏಕಾದಶಿ ಮಾಡ್ತೀರಾ ಸಾರ್?"

"ಮಾಡ್ತೀನಪ್ಪ. ಯಾಕೆ?"

"ಹಂಗಾದ್ರೆ ನಿಮಗೆ ಬೇಗ ಅರ್ಥ ಆಗುತ್ತೆ. ಒಂದು ಮನೇಲಿ ಯಾರೋ ಅನ್ನಕ್ಕೆ ವಿಷ ಬೆರೆಸಿದ್ರು ಅಂತ ಇಟ್ಕೊಳ್ಳಿ. ಊಟಕ್ಕೆ ಕೂತೋರೆಲ್ಲ ಹೋದ್ರು. ಒಳಗಿನ ರೂಮಲ್ಲಿ ಒಬ್ಬ ಉಪವಾಸ ಮಲಗಿದ್ದ. ಅವ್ನೇನು ಪೈಲ್ವಾನ್ ಅಲ್ಲ, ವಿಷ ಅರಗಿಸ್ಕೊಳ್ಳೋ ಶಕ್ತಿ ಇರೋನೂ ಅಲ್ಲ. ಉಣ್ಣಲಿಲ್ಲ, ಅಷ್ಟೆ. ಎರಡು ದಿನ ಬಿಟ್ಟು ಎದ್ದ, ಹಸಿವಾಯ್ತು. ನೋಡಿದ್ರೆ ಮನೆ ಪೂರ್ತಿ ಅವ್ನದೇ."

ಮೇಷ್ಟರು ತಮ್ಮ ಹೊಟ್ಟೆಯ ಕಡೆ ನೋಡಿಕೊಂಡು, "ಅಂದ್ರೆ ನನ್ನೊಳಗೆ ಒಬ್ಬ ಮಲಗಿದ್ದಾನೆ ಅಂತೀಯಾ?" ಎಂದರು.

"ಮಲಗಿರಬಹುದು. ಅವ್ನು ಎದ್ದು ಊಟಕ್ಕೆ ಕೂತಾಗ್ಲೂ ಎಲೆ ಮೇಲೆ ವಿಷ ಇರ್ಬೇಕು ಸಾರ್. ಅದಕ್ಕೇ ಏಳು ದಿನ."

ಮೇಷ್ಟರು ಆ ಸಲ ಏಳು ದಿನವೂ ನುಂಗಿದರು. ಮತ್ತೆ ಬಂದದ್ದು ಮೊಮ್ಮಗಳ ಮದುವೆಯ ಕಾರ್ಡು ಕೊಡಲು.

ನಾನು ಕೆಲಸಕ್ಕೆ ಸೇರಿದ ಏಳನೇ ತಿಂಗಳಲ್ಲಿ ತೊಂದರೆ ಶುರುವಾಯಿತು. ಶಸ್ತ್ರಚಿಕಿತ್ಸೆ ಆದವರ ಗಾಯಗಳು ಕೂಡುತ್ತಿರಲಿಲ್ಲ. ಮೊದಲು ಒಬ್ಬ ಆಟೋ ಡ್ರೈವರನ ಹರ್ನಿಯಾ ಗಾಯ, ಆಮೇಲೆ ಇಟ್ಟಮಡುವಿನ ಒಬ್ಬ ಹೆಣ್ಣುಮಗಳ ಸಿಸೇರಿಯನ್ ಗಾಯ. ಆಕೆ ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದವಳು, ಮೊದಲ ಹೆರಿಗೆ, ಹೆಣ್ಣು ಮಗು. ನಾಲ್ಕನೇ ದಿನಕ್ಕೆ ಹೊಲಿಗೆಯ ಸಂದಿನಲ್ಲಿ ಹಸಿರು ಛಾಯೆಯ ಕೀವು. ಒಂದು ಔಷಧ ಕೊಟ್ಟರು, ಕೇಳಲಿಲ್ಲ. ಇನ್ನೊಂದು ಕೊಟ್ಟರು, ಸ್ವಲ್ಪ ಕೇಳಿದಂತೆ ಮಾಡಿ ಮತ್ತೆ ತಿರುಗಿಬಿತ್ತು. ಸಾರ್ ಆ ಕೀವಿನ ಪ್ಲೇಟನ್ನು ಮೂಗಿನ ಹತ್ತಿರ ಹಿಡಿದರು. ಹಾಗೆ ಮೂಸಬಾರದೆಂದು ನಮಗೆಲ್ಲ ಬೈಯುತ್ತಿದ್ದವರೂ ಅವರೇ. "ಕಪ್ಪು ದ್ರಾಕ್ಷಿ ವಾಸನೆ" ಎಂದರು. ಆಟೋ ಡ್ರೈವರನ ಪ್ಲೇಟಿಗೂ ಅದೇ ವಾಸನೆಯಿತ್ತು. ಇದು ನೀರಿನಲ್ಲಿ ಬದುಕುವ ಜಾತಿ, ನಮ್ಮಲ್ಲೇ ಎಲ್ಲೋ ಮನೆ ಮಾಡಿದೆ ಎಂದು ಅವರು ಅಂದೇ ಹೇಳಿದರು.

ನರ್ಸಿಂಗ್ ಹೋಮಿನ ಮಾಲೀಕರಾದ ದೊಡ್ಡ ಡಾಕ್ಟರಿಗೆ ಅದು ಇಷ್ಟವಾಗಲಿಲ್ಲ. ಅವರು ಕೆಟ್ಟ ಡಾಕ್ಟರಲ್ಲ, ಕೈಗುಣ ಚೆನ್ನಾಗಿತ್ತು. ಆದರೆ ತಮ್ಮ ಕಟ್ಟಡದಲ್ಲಿ ರೋಗವಿದೆ ಎಂಬ ಮಾತು ಹೊರಗೆ ಹೋದರೆ ಮುಗಿಯಿತೆಂಬ ಭಯ. ಇಟ್ಟಮಡುವಿನವಳ ಅತ್ತೆ ಕೇಳಿದಾಗ, "ಕೆಲವರಿಗೆ ಹೈಜೀನ್ ಕಮ್ಮಿ ಇದ್ರೆ ಹೀಗಾಗುತ್ತಮ್ಮ" ಎಂದುಬಿಟ್ಟರು. ಅತ್ತೆಗೆ ಅಷ್ಟೇ ಸಾಕಾಯಿತು. ವರಾಂಡದಲ್ಲಿ ನಿಂತು, ಸೊಸೆ ನೆಟ್ಟಗೆ ಸ್ನಾನ ಮಾಡುವುದಿಲ್ಲ, ಮೈಯೆಲ್ಲ ಕೊಳಕು, ಇಂಥವಳ ಹಾಲು ಮಗುವಿಗೆ ಬೇಡ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಮಗುವನ್ನು ಎತ್ತಿಕೊಂಡು ಮನೆಗೆ ಹೋದರು. ಆ ಹೆಣ್ಣುಮಗಳು ಗೋಡೆಯ ಕಡೆ ತಿರುಗಿ ಮಲಗಿದಳು. ಎದೆ ಕಟ್ಟಿಕೊಂಡು ಸೀರೆ ಒದ್ದೆಯಾಗುತ್ತಿತ್ತು. ಪಕ್ಕದಲ್ಲಿ ಟ್ರೇ ಹಿಡಿದುಕೊಂಡು ನಿಂತಿದ್ದವಳು ನಾನು. ವರಾಂಡದ ತುದಿಯಲ್ಲಿ ಸಾರ್ ಕೂಡ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಅವರು ಹುಡುಕತೊಡಗಿದರು. ನಲ್ಲಿ, ಸಿಂಕು, ಸೋಪು, ನಮ್ಮ ಉಗುರು, ಆಯಾ ಒರೆಸುವ ಬಟ್ಟೆ, ಎಲ್ಲದರಿಂದಲೂ ಒಂದೊಂದು ಪ್ಲೇಟು. ಡ್ರೆಸ್ಸಿಂಗ್ ರೂಮಿನಲ್ಲಿ ಗಾಯ ತೊಳೆಯುವ ಹಳದಿ ಔಷಧದ ಬಾಟಲಿಯನ್ನೂ ಬಿಡಲಿಲ್ಲ. ಅದು ಕ್ರಿಮಿ ಕೊಲ್ಲುವ ಔಷಧ. ಗಟ್ಟಿ ದ್ರಾವಣಕ್ಕೆ ನೀರು ಬೆರೆಸಿ ಬಾಟಲಿಗೆ ತುಂಬಿಸುವುದು ನನ್ನ ಕೆಲಸ. ಅದರ ಪ್ಲೇಟು ನೋಡಬೇಕಾದ ದಿನ ಅವರ ಅಣ್ಣನ ಮನೆಯ ಗೃಹಪ್ರವೇಶವಿತ್ತು. ಬೆಳಿಗ್ಗೆಯೇ ಬಂದು ಅವಸರದಲ್ಲಿ ಪ್ಲೇಟು ನೋಡಿದರು, ಏನೂ ಬೆಳೆದಿರಲಿಲ್ಲ. ದೊಡ್ಡ ಡಾಕ್ಟರು ಬಾಗಿಲಲ್ಲೇ ನಿಂತು, "ಔಷಧ ಸರಿ ಇದೆ ತಾನೆ? ಒಂದು ಮಾತು ಬರೆದುಕೊಟ್ಟು ಹೋಗಿ" ಎಂದರು. ಇವರು ಬರೆದರು. ಯಾವತ್ತೂ ಬರೆಯದಿದ್ದ ಮಾತನ್ನು ಅಂದು ಬರೆದರು: ಬಾಟಲಿ ಸ್ವಚ್ಛವಾಗಿದೆ.

ಹೀಗಾಗಿ ಇನ್ನೂ ಮೂರು ವಾರ ನಾನು ಅದೇ ಔಷಧದಿಂದ ಅದೇ ಗಾಯಗಳನ್ನು ತೊಳೆದೆ. ಕೀವು ಹೆಚ್ಚಾದಷ್ಟೂ ಹೆಚ್ಚು ಶ್ರದ್ಧೆಯಿಂದ ತೊಳೆದೆ.

ಒಂದು ಬೆಳಿಗ್ಗೆ ನಾನು ಔಷಧ ಬೆರೆಸುತ್ತಿದ್ದಾಗ ಸಾರ್ ಬಂದು ಬಾಗಿಲಿಗೆ ಒರಗಿ ನಿಂತರು. ಬಾಟಲಿಯಲ್ಲಿ ಹಿಂದಿನ ದಿನದ್ದು ಕಾಲು ಭಾಗ ಉಳಿದಿತ್ತು. ನಾನು ಅದರ ಮೇಲೆಯೇ ಹೊಸದನ್ನು ಸುರಿದೆ.

"ಇದನ್ನ ಯಾವಾಗ ಖಾಲಿ ಮಾಡ್ತೀಯಮ್ಮ?"

"ಖಾಲಿ ಮಾಡಂಗಿಲ್ರೀ ಸರ. ತಳ ಕಾಣೂಕಿಂತ ಮೊದ್ಲ ತುಂಬಸ್ತೀನ್ರೀ."

"ಯಾವತ್ತಿಂದ?"

"ನಾ ಬಂದಾಗಿಂದ್ರೀ."

ಹೆಮ್ಮೆಯಿಂದಲೇ ಹೇಳಿದೆ. ನಮ್ಮ ಮನೆಯಲ್ಲಿ ಜೋಳದ ಡಬ್ಬಿಯ ತಳ ಕಾಣಿಸುವ ಹಾಗೆ ಬಿಡುತ್ತಿರಲಿಲ್ಲ. ಜೋಳ ತೀರಿತು ಎಂದು ಅನ್ನುವ ಹಾಗೂ ಇರಲಿಲ್ಲ, ತುಂಬಿತು ಎನ್ನಬೇಕು. ಕುಂಕುಮದ ಭರಣಿಗೂ ಅದೇ, ಎಣ್ಣೆಯ ಗಿಂಡಿಗೂ ಅದೇ. ಖಾಲಿ ಪಾತ್ರೆ ಮನೆಗೆ ಒಳ್ಳೆಯದಲ್ಲ ಎಂದು ಅವ್ವ ಕಲಿಸಿದ್ದಳು. ನರ್ಸಿಂಗ್ ಶಾಲೆಯಲ್ಲಿ ಬಾಟಲಿಯನ್ನು ಪ್ರತಿದಿನ ತೊಳೆದು ಕುದಿಸಬೇಕೆಂದು ಕಲಿಸಿದ್ದರು, ಪರೀಕ್ಷೆಯಲ್ಲಿ ಬರೆದು ನಂಬರೂ ತೆಗೆದುಕೊಂಡಿದ್ದೆ. ಆದರೆ ಕೈ ಕೇಳುವುದು ಅವ್ವನ ಮಾತನ್ನೇ. ಅದಲ್ಲದೆ ಇದು ಕ್ರಿಮಿ ಕೊಲ್ಲುವ ಔಷಧ, ಇದರೊಳಗೆ ಏನು ತಾನೆ ಬದುಕೀತು ಎಂಬ ಧೈರ್ಯ ಬೇರೆ.

ಸಾರ್ ಒಂದು ಉದ್ದನೆಯ ಕಡ್ಡಿಯನ್ನು ಬಾಟಲಿಯ ತಳಕ್ಕೆ ಇಳಿಸಿ ಗಾಜಿನ ಒಳಮೈಯನ್ನು ಕೆರೆದು ತೆಗೆದರು. ತುದಿಯ ಹತ್ತಿ ಲೋಳೆಯಾಗಿತ್ತು. "ಸಂಪ್ ತೊಳೆದಿದ್ದೀಯಾ ಯಾವತ್ತಾದ್ರೂ? ಗೋಡೆ ಮುಟ್ಟಿದ್ರೆ ಜಾರುತ್ತಲ್ಲ, ಅದೇ ಇದು" ಎಂದರು. "ಗುಂಪಾಗಿ ಅಂಟ್ಕೊಂಡು ಮೇಲೊಂದು ಲೋಳೆ ಹೊದ್ಕೊಂಡಿದಾವೆ. ಮೇಲಿಂದ ಎಷ್ಟು ವಿಷ ಸುರಿದ್ರೂ ಒಳಗಿನವಕ್ಕೆ ಪೂರ್ತಿ ತಾಗಲ್ಲ."

ಅವತ್ತೇ ಅವರಿಗೆ ತಮ್ಮ ತಪ್ಪೂ ಹೊಳೆಯಿತು. ಬಾಟಲಿಯಿಂದ ಒಂದು ಹನಿ ತೆಗೆದು ಪ್ಲೇಟಿಗೆ ಹಾಕಿದರೆ, ಕ್ರಿಮಿಯ ಜೊತೆಗೆ ಔಷಧವೂ ಪ್ಲೇಟಿಗೆ ಬರುತ್ತದೆ. ಅದು ಅಲ್ಲಿಯೂ ಅವುಗಳ ತಲೆಯ ಮೇಲೆ ಕೂತಿರುತ್ತದೆ. ಅವು ಸತ್ತಿರುವುದಿಲ್ಲ, ಏಳಲಾರದೆ ಬಿದ್ದಿರುತ್ತವೆ. ಮೊದಲು ಔಷಧದ ಶಕ್ತಿಯನ್ನು ಮುರಿಯಬೇಕು. ಅದಕ್ಕೆ ಬೇಕಾದ ಸಾಮಾನು ನಮ್ಮ ಲ್ಯಾಬಿನಲ್ಲಿ ಇರಲಿಲ್ಲ. ಮರುದಿನ ಅವರು ಮನೆಯಿಂದ ಟಿಫನ್ ಡಬ್ಬಿಯಲ್ಲಿ ಹತ್ತಿ ಸುತ್ತಿ ಎರಡು ನಾಟಿ ಕೋಳಿ ಮೊಟ್ಟೆ ತಂದರು. ಮೊಟ್ಟೆಯ ಹಳದಿ ಭಾಗಕ್ಕೆ ಈ ಔಷಧವನ್ನು ಹಿಡಿದುಹಾಕುವ ಗುಣವಿದೆಯಂತೆ. ಎರಡು ಪ್ಲೇಟು ಮಾಡಿದರು, ಒಂದು ಹಿಂದಿನಂತೆ, ಒಂದು ಮೊಟ್ಟೆಯದ್ದು. ಸ್ವ್ಯಾಬನ್ನು ನನ್ನ ಕೈಯಿಂದಲೇ ಎಳೆಸಿದರು. "ನೀನೇ ನೋಡ್ಬೇಕು, ನನ್ನ ಮಾತು ಕೇಳಿ ನಂಬಬೇಡ" ಎಂದರು.

ಆ ಒಂದು ದಿನ ನಾನು ಊಟ ಮಾಡಲಿಲ್ಲ. ಬೆಳೆದರೆ ನನ್ನ ಕೆಲಸ ಹೋಗುತ್ತದೆ. ಬೆಳೆಯದಿದ್ದರೆ ಆ ಹೆಣ್ಣುಮಗಳ ಗಾಯ ಹಾಗೆಯೇ ಇರುತ್ತದೆ. ನಾನು ಯಾವುದು ಆಗಲಿ ಎಂದು ಬೇಡಿಕೊಂಡೆ ಎಂಬುದನ್ನು ಇಷ್ಟು ವರ್ಷಗಳ ಮೇಲೆ ಮುಚ್ಚಿಡುವುದಿಲ್ಲ. ಬೆಳೆಯದಿರಲಿ ಎಂದೇ ಬೇಡಿಕೊಂಡೆ.

ಮರುದಿನ ಸಂಜೆ ಅವರು ಕರೆದರು. ಮೊದಲ ಪ್ಲೇಟು ಖಾಲಿ. ಎರಡನೆಯದರಲ್ಲಿ ಅಂಚಿನಿಂದ ಅಂಚಿಗೆ ಹಸಿರು. ಮುಚ್ಚಳ ಎತ್ತಿದ ಕೂಡಲೇ ದ್ರಾಕ್ಷಿಯ ವಾಸನೆ ಬಂತು. ನಾನು ಅಲ್ಲೇ ಕುಳಿತು ಅಳತೊಡಗಿದೆ. ಅಪ್ಪನ ಷರತ್ತು, ಸೋದರಮಾವ, ಎಲ್ಲವನ್ನೂ ಹೇಳಿದೆ. ಅವರು ಸಮಾಧಾನದ ಮಾತು ಹೇಳಲಿಲ್ಲ. ತಮಗೇ ಹೇಳಿಕೊಳ್ಳುವ ಹಾಗೆ ವಿವರಿಸಿದರು:

"ಮೊದಮೊದಲು ಉಳಿದಿದ್ದು ಮಲಗಿದ್ದೋವು ಕಣಮ್ಮ, ಆ ಉಪವಾಸದೋನ ಹಂಗೆ. ಅವತ್ತೇ ಬಾಟಲಿ ತೊಳೆದಿದ್ರೆ ಅವೂ ಹೋಗ್ತಿದ್ವು. ದಿನಾ ಸ್ವಲ್ಪ ಸ್ವಲ್ಪ ವಿಷ ಕುಡ್ಸಿ ಕುಡ್ಸಿ, ಈಗ ಉಳಿದಿರೋವು ಕಲ್ತೋವು. ಇವಕ್ಕೆ ಈ ಔಷಧ ಈಗ ನೀರಿದ್ದಂಗೆ." ಆಮೇಲೆ ನನ್ನ ಕಡೆ ನೋಡಿ, "ನೀನು ಮೇಲೆ ಮೇಲೆ ತುಂಬ್ಸಿದ್ದು ತಪ್ಪು. ನಾನು ಸ್ವಚ್ಛ ಅಂತ ಬರ್ದಿದ್ದು ಅದಕ್ಕಿಂತ ದೊಡ್ಡ ತಪ್ಪು. ಮೂರು ವಾರ ನನ್ನ ಲೆಕ್ಕಕ್ಕೆ" ಎಂದರು.

ಮಾರನೆಯ ದಿನ ದೊಡ್ಡ ಡಾಕ್ಟರ ಕೋಣೆಗೆ ಸಾರ್ ಜೊತೆ ನನ್ನನ್ನೂ ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಮೇಡಂ ಅವರನ್ನೂ ಕರೆದರು. ಮೇಜಿನ ಮೇಲೆ ಹೊಸ ರಿಪೋರ್ಟು. ಮೊದಲ ಸಾಲಿನಲ್ಲೇ, 'ನಾನು ಹಿಂದೆ ಬರೆದುಕೊಟ್ಟದ್ದು ತಪ್ಪು' ಎಂದು ಸಾರ್ ಬರೆದಿದ್ದರು. ಕೆಳಗೆ, ಬಾಟಲಿಯನ್ನು ನಾವು ಖಾಲಿ ಮಾಡದೆ ತುಂಬಿಸುತ್ತಿದ್ದೆವು ಎಂದಿತ್ತು.

"ನಾವು ಅಂದ್ರೆ ಯಾರು?" ದೊಡ್ಡ ಡಾಕ್ಟರು ಕೇಳಿದರು.

"ನಾವೇ ಸಾರ್. ಈ ಕಟ್ಟಡದೋರು."

"ತುಂಬಿಸೋರು ಒಬ್ರೇ ತಾನೆ? ಹೆಸರು ಹೇಳಿ."

"ಪ್ಲೇಟ್ ಮೇಲೆ ಹೆಸರು ಬೆಳೆಯಲ್ಲ ಸಾರ್. ಬೆಳೆದಿದ್ದನ್ನ ಬರ್ದಿದ್ದೀನಿ."

ಮೇಟ್ರನ್ ಮೇಡಂ ನನ್ನ ಕಡೆ ನೋಡಲಿಲ್ಲ. ಅವರಿಗೆ ಗೊತ್ತಿತ್ತು. 'ನಾನ್ರೀ' ಎನ್ನುವ ಒಂದೇ ಮಾತು ಸಾಕಿತ್ತು. ನಾನು ನೆಲ ನೋಡುತ್ತ ನಿಂತೆ.

ದೊಡ್ಡ ಡಾಕ್ಟರು ಕನ್ನಡಕ ತೆಗೆದಿಟ್ಟರು. ಬಾಟಲಿಗಳನ್ನೆಲ್ಲ ಇವತ್ತೇ ಎಸೆಯೋಣ, ಇನ್ನು ದಿನಾ ಕುದಿಸೋಣ, ಆದರೆ ಈ ಕಾಗದ ಬೇಡ, ಹಳೆಯದೇ ಇರಲಿ ಎಂದರು. ಸಾರ್ ತಲೆಯಾಡಿಸಿದರು. "ಹಳೇದು ಸುಳ್ಳು ಸಾರ್. ಮತ್ತೆ ಆ ಇಟ್ಟಮಡು ಹುಡುಗಿ ಮನೆಯೋರಿಗೆ ಹೇಳ್ಬೇಕು. ಕೊಳಕು ಅವಳದಲ್ಲ, ನಮ್ಮದು ಅಂತ." ಹಾಗೆ ಹೇಳಿದರೆ ಈ ಬಾಗಿಲು ಮುಚ್ಚಬೇಕಾಗುತ್ತದೆ ಎಂದರು ದೊಡ್ಡ ಡಾಕ್ಟರು. ಇಬ್ಬರೂ ದನಿ ಏರಿಸಲಿಲ್ಲ. ತಿಂಗಳ ಕೊನೆಗೆ ಲ್ಯಾಬನ್ನು ಮುಚ್ಚಿ, ಪರೀಕ್ಷೆಗಳನ್ನೆಲ್ಲ ಹೊರಗೆ ಕಳಿಸುವುದೆಂದು ತೀರ್ಮಾನವಾಯಿತು. ಸಾರ್ ಪ್ಲೇಟಿನ ಮೇಲೆ ಕ್ರಿಮಿ ಎಳೆಯುವ ತಮ್ಮ ತಂತಿ, ಸ್ಪಿರಿಟ್ ದೀಪ, ಸೂಕ್ಷ್ಮದರ್ಶಕವನ್ನು ಒಂದು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ನನ್ನ ಕೆಲಸ ಉಳಿಯಿತು. ಬಾಟಲಿಗಳನ್ನು ಕುದಿಸತೊಡಗಿದ ಮೇಲೆ ಹೊಸ ಗಾಯಗಳಲ್ಲಿ ಹಸಿರು ಕಾಣಲಿಲ್ಲ. ಆ ಹೆಣ್ಣುಮಗಳಿಗೂ ಸಾರ್ ಪ್ಲೇಟಿನಲ್ಲಿ ಹುಡುಕಿಕೊಟ್ಟಿದ್ದ ಇಂಜೆಕ್ಷನ್ ಹಿಡಿಯಿತು. ಗಾಯ ಮಾಗಿ ಮನೆಗೆ ಹೋದಳು.

ಅಣ್ಣನ ಕಟ್ಟಡದ ಕೆಳಗೆ, ಜೆಪಿ ನಗರದ ಕಡೆ ಮುಖ ಮಾಡಿದ ಒಂದು ಅಂಗಡಿ ಕೋಣೆಯಲ್ಲಿ ಸಾರ್ ತಮ್ಮದೇ ಲ್ಯಾಬು ಇಟ್ಟುಕೊಂಡರು. ವರ್ಷಕ್ಕೆರಡು ಸಲ ನಾನು ಹೋಗಿ ಬರುತ್ತಿದ್ದೆ. ಕೆಲಸ ಒಂದು ವರ್ಷ ನಿಂತಿತು, ಸೋದರಮಾವನಿಗೆ ಬೇರೆ ಹೆಣ್ಣು ಸಿಕ್ಕಿತು, ನಾನು ನನಗೆ ಬೇಕಾದವರನ್ನು ಮದುವೆಯಾದೆ. ಮುಂದೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೊಸ ನರ್ಸುಗಳಿಗೆ ಸೋಂಕು ತಡೆಯುವುದನ್ನು ಕಲಿಸುವ ಕೆಲಸವೇ ನನ್ನದಾಯಿತು. ಪಾಠ ಶುರು ಮಾಡುವುದೇ ಬಾಟಲಿಯ ಕತೆಯಿಂದ. ಆದರೆ 'ಒಂದು ನರ್ಸಿಂಗ್ ಹೋಮಿನಲ್ಲಿ ಒಬ್ಬ ನರ್ಸು ಇದ್ದಳು' ಎಂದೇ ಹೇಳುತ್ತಿದ್ದೆ. ಒಮ್ಮೆ ಸಾರ್ ಲ್ಯಾಬಿನಲ್ಲಿ, ಅವರ ಎದುರಿಗೇ, ಅಲ್ಲಿದ್ದ ಯಾರಿಗೋ ಹೀಗೆಯೇ ಹೇಳಿದೆ. ಅವರು ಕಾಫಿ ಕುಡಿಯುತ್ತ ಕೇಳಿಸಿಕೊಂಡರು. ಲೋಟ ತೊಳೆಯಲು ಎದ್ದು ಹೋದರು. ನನಗೆ ನಾಚಿಕೆಯಾಯಿತು, ಆದರೂ ಮುಂದಿನ ಪಾಠದಲ್ಲಿ ಹೇಳಿದ್ದು ಹಾಗೆಯೇ.

ಜಯನಗರದಲ್ಲಿ ಮೆಟ್ರೊಗಾಗಿ ರಸ್ತೆ ಅಗೆಯುತ್ತಿದ್ದ ವರ್ಷ ಅವರು ತೀರಿಕೊಂಡರು. ಹೃದಯಾಘಾತ. ಬೆಳಿಗ್ಗೆ ಎಂದಿನಂತೆ ಲ್ಯಾಬಿನ ಬಾಗಿಲು ತೆಗೆದವರು, ಅಲ್ಲೇ ಕುರ್ಚಿಯಲ್ಲಿ ಕುಳಿತಂತೆಯೇ ಹೋಗಿದ್ದರಂತೆ. ನನಗೆ ಸುದ್ದಿ ತಡವಾಗಿ ತಿಳಿಯಿತು. ಹನ್ನೊಂದನೇ ದಿನದ ತಿಥಿಗೆ ಜರಗನಹಳ್ಳಿಗೆ ಹೋದೆ. ಶಾಮಿಯಾನದಡಿ ತುಂಬ ಜನ. ಫೋಟೊಗೆ ಕೈಮುಗಿದು ಒಂದು ಮೂಲೆಯಲ್ಲಿ ನಿಂತೆ. ಪಕ್ಕದಲ್ಲಿ ಒಬ್ಬ ಹೆಂಗಸು, ಜೊತೆಗೆ ಹೈಸ್ಕೂಲು ಓದುವ ವಯಸ್ಸಿನ ಮಗಳು. ಆಕೆಯೇ ಮಾತಾಡಿಸಿದಳು.

"ನೀವು ಸಂಬಂಧಾನಾ?"

"ಅಲ್ರೀ. ಹಿಂದಕ ಒಂದ ಕಡೆ ಕೆಲಸ ಮಾಡ್ತಿದ್ವಿ."

"ನಾನು ಇಟ್ಟಮಡು. ಇವಳು ಹುಟ್ಟಿದಾಗ ಇವ್ರಿದ್ದ ನರ್ಸಿಂಗ್ ಹೋಮಲ್ಲೇ ನನಗೆ ಆಪರೇಷನ್ ಆಗಿದ್ದು. ಗಾಯ ಕೊಳೆತು ಎರಡು ತಿಂಗಳು ನರಳಿದೆ." ಆಕೆ ನನ್ನ ಮುಖ ಗುರುತಿಸಲಿಲ್ಲ. "ಇವ್ರೇ ಮನೆಗೆ ಬಂದ್ರು. ಬಸ್ಸಲ್ಲಿ ಬಂದು, ಮನೆ ಹುಡುಕ್ಕೊಂಡು. ತಪ್ಪು ನಿಮ್ ಹುಡುಗೀದಲ್ಲ, ನಮ್ ಔಷಧದ ಬಾಟಲಿಲೇ ರೋಗ ಇತ್ತು ಅಂದ್ರು. ನಮ್ಮನೆಯವ್ರು ಎದ್ದು ನಿಂತ್ಕೊಂಡು, ಆ ಬಾಟಲಿ ತುಂಬಿಸ್ತಿದ್ದೋರು ಯಾರು ಹೇಳಿ, ಈಗ್ಲೇ ಹೋಗಿ ಎಳ್ಕೊಂಡು ಬರ್ತೀನಿ ಅಂದ್ರು."

ಏನು ಹೇಳಿದರು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಆಕೆಯೇ ಹೇಳಿದಳು.

"ನಾನೇ ತುಂಬಿಸ್ತಿದ್ದಿದ್ದು ಅಂದ್ರು."

ಜೀವಮಾನದಲ್ಲಿ ಒಂದೇ ಒಂದು ಸುಳ್ಳಿಗೆ ಸಹಿ ಹಾಕಿ, ಅದನ್ನು ತಿದ್ದಲು ಹೋಗಿ ಕೆಲಸ ಕಳೆದುಕೊಂಡ ಮನುಷ್ಯ, ಬೇಕೆಂದೇ ಎರಡನೆಯದನ್ನು ಹೇಳಿದ್ದು ನನಗಾಗಿ. ಹದಿನಾಲ್ಕು ವರ್ಷ ನನ್ನ ಜೊತೆ ಕಾಫಿ ಕುಡಿಯುತ್ತ ಅದನ್ನು ನನಗೂ ಹೇಳಿರಲಿಲ್ಲ.

"ನಮ್ಮತ್ತೆ ಅವತ್ತೇ ಮಗೂನ ತಂದು ನನ್ನ ಮಡಿಲಿಗೆ ಹಾಕಿದ್ರು" ಎಂದಳು ಆಕೆ. "ಆದ್ರೆ ನನಗೆ ತಡ್ಕೊಳ್ಳಕ್ಕಾಗ್ಲಿಲ್ಲ. ಹೊಟ್ಟೇಲಿದ್ದ ಸಿಟ್ಟೆಲ್ಲ ಅವ್ರ ಮೇಲೆ ತೀರಿಸ್ಕೊಂಡೆ. ಬಾಯಿಗೆ ಬಂದಂಗೆ ಬೈದೆ. ಕೈ ಕಟ್ಕೊಂಡು ನಿಂತಿದ್ರು. ಆಮೇಲೆ ಎಷ್ಟೋ ಸಲ ಇವಳಿಗೆ ಜ್ವರ ಬಂದಾಗ ಅವ್ರ ಲ್ಯಾಬಿಗೇ ಬಂದಿದ್ದೀನಿ. ಅವತ್ತು ಅಂದಿದ್ದಕ್ಕೆ ಒಂದು ಸಲ ಕ್ಷಮೆ ಕೇಳ್ಬೇಕು ಅಂತಿದ್ದೆ, ಕೇಳ್ಲೇ ಇಲ್ಲ. ತಪ್ಪು ಅವ್ರದೇ ತಾನೆ ಅಂತ ಸುಮ್ನಾಗ್ಬಿಡ್ತಿದ್ದೆ."

ಫೋಟೊದ ಮುಂದೆ ಯಾರೋ ಊದುಕಡ್ಡಿ ಹಚ್ಚುತ್ತಿದ್ದರು. ಊಟಕ್ಕೆ ಎಲೆ ಹಾಕುವ ಸದ್ದು ಕೇಳುತ್ತಿತ್ತು. ಇನ್ನೊಂದು ನಿಮಿಷ ಸುಮ್ಮನಿದ್ದಿದ್ದರೆ ಪಂಕ್ತಿಗೆ ಕರೆಯುತ್ತಿದ್ದರು, ಉಂಡು ಮನೆಗೆ ಹೋಗಬಹುದಿತ್ತು.

"ಅವ್ರಲ್ರೀ" ಎಂದೆ. "ನಾನು. ಬಾಟಲಿ ತುಂಬಸ್ತಿದ್ದಾಕಿ ನಾನು. ನಿಮ್ಮ ಗಾಯ ತೊಳೀತಿದ್ದಾಕಿನೂ ನಾನ."

ಆಕೆ ನನ್ನ ಮುಖವನ್ನೇ ನೋಡಿದಳು. ಈಗ ಗುರುತು ಸಿಕ್ಕಿತೆಂದು ಕಾಣುತ್ತದೆ. ಮಗಳನ್ನು ಊಟದ ಕಡೆ ಕಳಿಸಿದಳು. ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡಳು.

"ಅವತ್ತು ಅವ್ರಿಗೆ ಅಂದಿದ್ದು ಒಂದೊಂದು ಮಾತೂ ನೆನಪಿದೆ ನನಗೆ. ಈಗ ನಿಮಗೆ ಅನ್ಲಾ?"

"ಅನ್ರೀ" ಎಂದೆ.

ಆಕೆ ಅಂದಳು. ನಾನು ಕೈ ಕಟ್ಟಿಕೊಂಡು ನಿಂತು ಪೂರ್ತಿ ಕೇಳಿದೆ.